ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿಯಾಗಿರುವುದೆಲ್ಲ ಚೀಸ್ ಅಲ್ಲ!

ಗೆಳೆಯರೇ, ಸಂಜೆ ಆರರ ಮೇಲೆ ವಿ.ವಿ. ಪುರದ ತಿಂಡಿ ಬೀದಿಗೆ ಒಮ್ಮೆ ಹೋಗಿ ನಿಲ್ಲಿ. ದೋಸೆಯ ಮೇಲೆ ಚೀಸ್, ಬ್ರೆಡ್ಡಿನ ಮೇಲೆ ಚೀಸ್, ಜೋಳದ ಮೇಲೆ ಚೀಸ್. ಪಾಪ ಪಡ್ಡು, ಅದರ ಮೇಲೂ ಚೀಸ್! ತುರಿಮಣೆಯಿಂದ ಉದುರುವ ಹಳದಿ ಎಳೆಗಳನ್ನು ನೋಡುತ್ತ ನಮ್ಮ ಹುಡುಗರು ಬಾಯಲ್ಲಿ ನೀರೂರಿಸಿಕೊಂಡು ನಿಂತಿರುತ್ತಾರೆ. ತಿನ್ನಲಿ, ತಿನ್ನುವ ವಯಸ್ಸು. ನಾನೇನೂ ನಾಲಿಗೆಗೆ ಬೀಗ ಹಾಕಿ ಅಂತ ಹೇಳಲು ಬಂದ ಸ್ವಾಮೀಜಿಯಲ್ಲ.

ನನ್ನದು ಒಂದೇ ಪ್ರಶ್ನೆ. ನೀವು ತಿಂದ ಚೀಸಿನಲ್ಲಿ ಚೀಸ್ ಎಷ್ಟಿತ್ತು?

ನಗಬೇಡಿ. ಅಂಗಡಿಯವನ ಹತ್ತಿರ ಆ ಪೊಟ್ಟಣ ಇಸಿದುಕೊಂಡು ಹಿಂದೆ ತಿರುಗಿಸಿ ನೋಡಿ. ಇರುವೆ ಸಾಲಿನಂಥ ಅಕ್ಷರಗಳು. ಅವೂ ಇಂಗ್ಲಿಷಿನಲ್ಲಿ. ಚೀಸ್, ಮಿಲ್ಕ್ ಸಾಲಿಡ್ಸ್, ಎಮಲ್ಸಿಫೈಯರ್, ಐಎನ್‌ಎಸ್ 331, ಐಎನ್‌ಎಸ್ 452... ದೋಸೆ ಹುಯ್ಯುವ ಹುಡುಗ ಹಾವೇರಿಯವನೋ ಹೊಳೆನರಸೀಪುರದವನೋ ಆಗಿದ್ದರೆ, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವನಾಗಿದ್ದರೆ, ಅವನಿಗೆ ಅದು ಕಾಗೆ ಕಾಲು ಗುಬ್ಬಿ ಕಾಲು. ಇಂಗ್ಲಿಷ್ ಬಲ್ಲ ನಿಮಗೆ ತಿಳಿಯಿತೋ? ಮಿಲ್ಕ್ ಸಾಲಿಡ್ಸ್ ಅಂದರೆ ಏನು ಸ್ವಾಮಿ? ಹಾಲಿನ ಪುಡಿಯೋ, ಹಾಲಿನಿಂದ ಬೇರ್ಪಡಿಸಿ ಮೂಟೆ ಕಟ್ಟಿದ ಪ್ರೋಟೀನೋ? ಎಷ್ಟು ಪಾಲು? ಹೇಳುವವರಿಲ್ಲ. ಕೇಳುವವರಂತೂ ಮೊದಲೇ ಇಲ್ಲ.

ಚೀಸ್ ಅಂದರೇನು ಅನ್ನುವುದನ್ನು ಮೊದಲು ನೋಡೋಣ. ನಮ್ಮ ಪುಸ್ತಕದ ಪಂಡಿತರು ಅದಕ್ಕೆ 'ಗಿಣ್ಣು' ಅಂತ ಹೆಸರಿಟ್ಟು ಕೈ ತೊಳೆದುಕೊಂಡರು. ಗಿಣ್ಣು ಯಾವುದು ಅಂತ ಹಸು ಕಟ್ಟಿದ ಮನೆಯ ಯಾವ ಅಜ್ಜಿಯನ್ನಾದರೂ ಕೇಳಿ. ಕರು ಹಾಕಿದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು ಗಿಣ್ಣು. ಅದಕ್ಕೂ ಇದಕ್ಕೂ ಎಲ್ಲಿಯ ನೆಂಟಸ್ತಿಕೆ? ನಾನು ಚೀಸ್ ಅಂತಲೇ ಬರೆಯುತ್ತೇನೆ. ಕನ್ನಡಕ್ಕೆ ಅದರಿಂದ ಮೈಲಿಗೆಯೇನೂ ಆಗುವುದಿಲ್ಲ.

ಹಾಲಿಗೆ ರೆನೆಟ್ ಅನ್ನುವ ಕಿಣ್ವ ಹಾಕಿದರೆ ಹಾಲು ಗಡ್ಡೆ ಕಟ್ಟುತ್ತದೆ. ಗಡ್ಡೆಯನ್ನು ಕತ್ತರಿಸಿ ನೀರು ಬಸಿಯುತ್ತಾರೆ. ಆ ನೀರಿಗೆ ಹಾಲೊಡಕು ಅಂತ ಹೆಸರು. ಉಳಿದದ್ದನ್ನು ಉಪ್ಪು ಹಾಕಿ, ಒತ್ತಿ, ತಣ್ಣನೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಾರೆ. 1 ಕಿಲೋ ಚೀಸ್ ಆಗಬೇಕಾದರೆ ಸುಮಾರು 10 ಲೀಟರ್ ಹಾಲು ಬೇಕು. ಪ್ರೊಸೆಸ್ಡ್ ಚೀಸ್ ಅನ್ನುವುದು ಇದರ ಮುಂದಿನ ಮಾತು. ಮಾಗಿದ್ದು, ಅರೆ ಮಾಗಿದ್ದು ಎಲ್ಲವನ್ನೂ ತುರಿದು, ಸೋಡಿಯಂ ಸಿಟ್ರೇಟ್, ಫಾಸ್ಫೇಟ್‌ನಂಥ ಉಪ್ಪುಗಳನ್ನು ಬೆರೆಸಿ, ಕಾಯಿಸಿ ಕರಗಿಸಿ ಅಚ್ಚಿಗೆ ಹುಯ್ಯುವುದು. 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ವಿದ್ಯೆ. ಇಷ್ಟರಲ್ಲಿ ಮೋಸವೇನೂ ಇಲ್ಲ.

ಲೆಕ್ಕಾಚಾರ ಶುರುವಾಗುವುದು ಆಮೇಲೆ. ತಿಂಗಳುಗಟ್ಟಲೆ ಮಾಗಿಸಬೇಕಾದರೆ ಕೋಣೆಗೆ ಕರೆಂಟು, ಹೂಡಿದ ದುಡ್ಡಿಗೆ ಬಡ್ಡಿ. ಅದರ ಬದಲು ಒಂದಷ್ಟು ಚೀಸ್ ಕಡಿಮೆ ಮಾಡಿ, ಆ ಜಾಗಕ್ಕೆ ಮೂಟೆಯಿಂದ ಪುಡಿ ಸುರಿದರೆ? ಕೇಸೀನ್, ಕೇಸಿನೇಟ್, ಹಾಲಿನ ಪ್ರೋಟೀನ್ ಕಾನ್ಸಂಟ್ರೇಟ್ ಅಂತ ನಾನಾ ಹೆಸರಿನ ಪುಡಿಗಳಿವೆ. ಮಾಗಿಸುವ ಗೋಜಿಲ್ಲ, ಕಾಯುವ ಗೋಜಿಲ್ಲ. ನೀರು ಹಿಡಿಯುತ್ತವೆ, ಕತ್ತರಿಸಿದರೆ ಚಂದವಾಗಿ ಹಾಳೆ ಬರುತ್ತದೆ.

ಇದು ವಿಷವಲ್ಲ. ಹಾಲಿನದೇ ಪ್ರೋಟೀನು, ತಿಂದರೆ ಯಾರೂ ಸಾಯುವುದಿಲ್ಲ. ನಿಮ್ಮನ್ನು ಹೆದರಿಸಿ ಕೂಗಾಡಿಸುವುದು ನನ್ನ ಉದ್ದೇಶವಲ್ಲ, ಇಂಥ ಕಂಪನಿ ಹೀಗೆ ಮಾಡಿತು ಅಂತ ಯಾರ ಕಡೆಗೂ ಬೆರಳು ತೋರಿಸುತ್ತಲೂ ಇಲ್ಲ. ಜಗಳ ಇರುವುದು ಹೆಸರಿನ ಮೇಲೆ, ದುಡ್ಡಿನ ಮೇಲೆ. ಮಾಗಿದ ಚೀಸಿನ ದುಡ್ಡು ಕೊಟ್ಟವನಿಗೆ ಅದರಲ್ಲಿ ಮೂಟೆಯ ಪುಡಿ ಎಷ್ಟು ಅಂತ ಹೇಳಬೇಕೋ ಬೇಡವೋ? ಅದನ್ನೂ ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕೋ ಬೇಡವೋ?

"ಅದೆಲ್ಲ ಕಂಡುಹಿಡಿಯೋಕ್ಕಾಗಲ್ಲಾರೀ, ಹಾಲಿಗೆ ಹಾಲಿನ ಪ್ರೋಟೀನ್ ಸೇರಿಸಿದರೆ ಯಾವ ದೇವರಿಗೆ ಗೊತ್ತಾಗುತ್ತೆ?" ಅನ್ನುವ ಬುದ್ಧಿವಂತರಿದ್ದಾರೆ. ಗೊತ್ತಾಗುತ್ತದೆ ಸ್ವಾಮಿ. ದೇವರಿಗಲ್ಲ, ಪ್ರಯೋಗಾಲಯಕ್ಕೆ.

ಹಳೆಯ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ, ಅದು ನಿಜ. 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಎಂಬಾತ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಒಂದು ವಿಧಾನ ಕಂಡುಹಿಡಿದ. ಆಹಾರವನ್ನು ಗಂಧಕಾಮ್ಲದಲ್ಲಿ ಕುದಿಸಿ ಅದರಲ್ಲಿರುವ ಸಾರಜನಕವನ್ನು ಅಳೆಯುವುದು. ಹಾಲಿನ ಪದಾರ್ಥವಾದರೆ ಬಂದ ಅಂಕಿಯನ್ನು 6.38ರಿಂದ ಗುಣಿಸಿದರೆ ಪ್ರೋಟೀನ್ ಇಷ್ಟು ಅಂತ ಲೆಕ್ಕ. ಇವತ್ತಿಗೂ ಜಗತ್ತಿನ ತುಂಬ ನಡೆಯುವ ಪರೀಕ್ಷೆ. ಆದರೆ ಸಾರಜನಕಕ್ಕೆ ಊರು ಕೇರಿ ಇಲ್ಲವಲ್ಲ! ಅದು ಮಾಗಿದ ಚೀಸಿನಿಂದ ಬಂದರೂ ಒಂದೇ, ಮೂಟೆಯಿಂದ ಬಂದರೂ ಒಂದೇ. ಹಾಲೇ ಅಲ್ಲದ ವಸ್ತುವಿನಿಂದ ಬಂದರೂ ಒಂದೇ. 2008ರಲ್ಲಿ ಚೀನಾದಲ್ಲಿ ಆದದ್ದು ಅದೇ. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಅನ್ನುವ ರಾಸಾಯನಿಕ ಹಾಕಿದರು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಪರೀಕ್ಷೆಯಲ್ಲಿ ಹಾಲು ಭರ್ಜರಿಯಾಗಿ ಪಾಸಾಯಿತು. ಸುಮಾರು 3 ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಕೂಸುಗಳು ಸತ್ತವು. ಚೀಸಿಗೆ ಹಾಲಿನ ಪ್ರೋಟೀನ್ ಬೆರೆಸುವುದನ್ನು ಈ ಪಾತಕಕ್ಕೆ ನಾನು ಹೋಲಿಸುತ್ತಿಲ್ಲ. ಒಟ್ಟು ಪ್ರೋಟೀನ್ ಅಳೆದು ಸರ್ಟಿಫಿಕೇಟು ಕೊಡುವವರು ಎಷ್ಟು ಕುರುಡರಾಗಿರಬಲ್ಲರು ಅನ್ನುವುದಕ್ಕೆ ಹೇಳಿದೆ.

ಹೊಸ ಪರೀಕ್ಷೆ ಕೇಳುವ ಪ್ರಶ್ನೆಯೇ ಬೇರೆ. ಪ್ರೋಟೀನ್ ಎಷ್ಟು ಅಂತ ಅದು ಕೇಳುವುದಿಲ್ಲ. ಎಲ್ಲಿಂದ ಬಂದೆ, ಯಾವ ದಾರಿ ಹಿಡಿದು ಬಂದೆ ಅಂತ ಕೇಳುತ್ತದೆ.

ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80ರಷ್ಟು ಕೇಸೀನ್. ಕೇಸೀನಿನಲ್ಲಿ ನಾಲ್ಕು ಬಗೆ. ಅದರಲ್ಲಿ ಕಪ್ಪಾ-ಕೇಸೀನ್ ಅನ್ನುವುದು 169 ಅಮೈನೋ ಆಮ್ಲಗಳ ಒಂದು ಸರಪಳಿ. ರೆನೆಟ್ ಹಾಕಿದಾಗ ಆ ಸರಪಳಿ ಸರಿಯಾಗಿ 105 ಮತ್ತು 106ನೆಯ ಕೊಂಡಿಗಳ ನಡುವೆ ತುಂಡಾಗುತ್ತದೆ. ಹಾಲು ಗಡ್ಡೆ ಕಟ್ಟುವುದೇ ಇದರಿಂದ. ತುಂಡಾದ ಬಾಲ, ಅಂದರೆ ಕೊನೆಯ 64 ಕೊಂಡಿಗಳು, ಹಾಲೊಡಕಿನ ಜೊತೆ ಹರಿದು ಹೋಗುತ್ತದೆ. ಚೀಸಿನಲ್ಲಿ ಉಳಿಯುವುದು ಮೊಂಡು ತಲೆ ಮಾತ್ರ. ಆಮೇಲೆ ಎಷ್ಟು ಕಾಯಿಸಿ, ಎಷ್ಟು ಉಪ್ಪು ಹಾಕಿ, ತುಂಡಾದ ಬಾಲ ಮತ್ತೆ ಕೂಡಿಕೊಳ್ಳುವುದಿಲ್ಲ.

ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ನೆಟ್ಟಗೆ ಇಲ್ಲಿಗೇ ಬಂದೆ ಅಂತ ಒಬ್ಬ ಹೇಳುತ್ತಾನೆ ಅಂದುಕೊಳ್ಳಿ. ಅವನ ತಲೆ ತುಂಬ ಕೂದಲಿದ್ದರೆ ನೀವೇನೆನ್ನುತ್ತೀರಿ? 'ನೀನು ಬೆಟ್ಟ ಹತ್ತೇ ಇಲ್ಲ ಕಣಯ್ಯಾ' ಅನ್ನುತ್ತೀರಿ. ಇಲ್ಲೂ ಅಷ್ಟೇ. ರೆನೆಟ್ ಹಾಕಿ ಮಾಡಿದ ಚೀಸಿನಿಂದ ತಯಾರಾಗಿದೆ ಅನ್ನುವ ಹಾಳೆಯಲ್ಲಿ ಬಾಲ ಸಮೇತ ಇಡೀ ಕಪ್ಪಾ-ಕೇಸೀನ್ ರಾಶಿ ಸಿಕ್ಕರೆ, ಆ ಪ್ರೋಟೀನು ಚೀಸಿನ ದಾರಿಯಲ್ಲಿ ಬಂದದ್ದಲ್ಲ. ಹಾಲಿನ ಪುಡಿಯಿಂದಲೋ, ಕೇಸಿನೇಟಿನಿಂದಲೋ, ಕಾನ್ಸಂಟ್ರೇಟಿನಿಂದಲೋ ಬಂದದ್ದು. ಹಾಳೆಯ ಚೂರನ್ನು ಯೂರಿಯಾ ದ್ರಾವಣದಲ್ಲಿ ಕರಗಿಸಿ, ಕೊಬ್ಬು ತೆಗೆದು, ಜೆಲ್ ಮೇಲಿಟ್ಟು ವಿದ್ಯುತ್ ಹಾಯಿಸಿದರೆ ಒಂದೊಂದು ಪ್ರೋಟೀನೂ ತನ್ನ ಜಾಗದಲ್ಲಿ ಪಟ್ಟೆ ಪಟ್ಟೆಯಾಗಿ ನಿಲ್ಲುತ್ತದೆ. ಎಲೆಕ್ಟ್ರೋಫೊರೆಸಿಸ್ ಅನ್ನುತ್ತಾರೆ. ಕೂದಲೆಳೆಯಂಥ ಕೊಳವೆಯಲ್ಲಿ ಇದನ್ನೇ ಮಾಡುವ ಯಂತ್ರವಿದೆ, ಸರಪಳಿಯ ತುಣುಕುಗಳನ್ನು ತೂಗಿ ಗುರುತು ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರೂ ಇದೆ.

ಕಳ್ಳ ಚಾಪೆ ಕೆಳಗೆ ತೂರಿದರೆ? ರೆನೆಟ್ ಕೇಸೀನ್ ಅಂತ ಒಂದು ಪುಡಿ ಇದೆ. ರೆನೆಟ್ ಹಾಕಿಯೇ ಒಡೆಸಿ ಒಣಗಿಸಿದ್ದು. ಊರ ಕ್ಷೌರದಂಗಡಿಯಲ್ಲೇ ತಲೆ ಬೋಳಿಸಿಕೊಂಡು ಬಂದು ಮಾದಪ್ಪನ ಹೆಸರು ಹೇಳುವವನ ಹಾಗೆ! ತಲೆ ನೋಡಿದರೆ ಇಲ್ಲಿ ಗೊತ್ತಾಗುವುದಿಲ್ಲ. ಆಗ ಕಾಲು ನೋಡಬೇಕು, ಬೆಟ್ಟ ಹತ್ತಿದ ಬೊಬ್ಬೆ ಇದೆಯೋ ಇಲ್ಲವೋ ಅಂತ. ಚೀಸ್ ಮಾಗುವಾಗ ಆಲ್ಫಾ-ಎಸ್1 ಅನ್ನುವ ಇನ್ನೊಂದು ಕೇಸೀನ್ ದಿನದಿಂದ ದಿನಕ್ಕೆ ತುಂಡಾಗುತ್ತ ಹೋಗುತ್ತದೆ. ಮೂಟೆಯ ಪುಡಿಗೆ ಮಾಗಿದ ಗುರುತಿಲ್ಲ. ಮಾಗಿದ ಚೀಸಿನದು ಅಂದ ಹಾಳೆಯಲ್ಲಿ ತುಂಡಾಗದ ಕೇಸೀನೇ ತುಂಬಿದ್ದರೆ ಅನುಮಾನ ಬರಬೇಕು. ಅನುಮಾನ ಅಂದೆ, ತೀರ್ಪು ಅನ್ನಲಿಲ್ಲ. ಎಳೆಯ ಚೀಸಿನಲ್ಲೂ ಅದು ಇಡಿಯಾಗಿರುತ್ತದೆ. ಕಾರ್ಖಾನೆಯ ಖರೀದಿ ಪುಸ್ತಕ ತೆಗೆಸಿ ತಾಳೆ ನೋಡಬೇಕಾಗುತ್ತದೆ. ಪನೀರಿಗಂತೂ ಬಾಲದ ಪರೀಕ್ಷೆ ನಡೆಯುವುದೇ ಇಲ್ಲ. ಹುಳಿ ಹಿಂಡಿ ಒಡೆಸಿದ್ದರಲ್ಲಿ ರೆನೆಟ್ ಎಲ್ಲಿಂದ ಬರಬೇಕು?

ಈಗ ಹೇಳಿ, ಇಷ್ಟೂ ಹೊತ್ತು ನಾನು ಯಾವ ಭಾಷೆಯಲ್ಲಿ ಬರೆದೆ? ನಿಮಗೆ ಅರ್ಥವಾಯಿತೋ ಇಲ್ಲವೋ? "ವಿಜ್ಞಾನಕ್ಕೆ ಕನ್ನಡ ಸಾಲದು, ಲೇಬಲ್ಲಿನಲ್ಲಿ ಜಾಗ ಸಾಲದು" ಅಂತ ರಾಗ ಎಳೆಯುವ ಮಹಾಶಯರು ಈ ಪತ್ರಿಕೆಯನ್ನು ಒಂದು ಸಲ ಕೈಗೆತ್ತಿಕೊಳ್ಳಲಿ.

ಅಮೆರಿಕದಲ್ಲಿ ಏನಾಯಿತು ನೋಡಿ. ಅಲ್ಲಿ ಆಮದಾಗುತ್ತಿದ್ದ ಹಾಲಿನ ಪ್ರೋಟೀನ್ ಕಾನ್ಸಂಟ್ರೇಟ್ 1990ರಲ್ಲಿ ಸುಮಾರು 800 ಟನ್. 1999ರ ಹೊತ್ತಿಗೆ ಸುಮಾರು 45 ಸಾವಿರ ಟನ್! ಹಾಲಿನ ಪುಡಿಗೆ, ಚೀಸಿಗೆ ಆಮದು ಮಿತಿ ಇತ್ತು. ಈ ಹೊಸ ಪುಡಿಗೆ ಇರಲಿಲ್ಲ. ಬೇಲಿಯ ಸಂದಿನಲ್ಲಿ ನುಗ್ಗಿ ಬಂತು. ನಮ್ಮ ಹಾಲಿನ ಬೆಲೆ ಬೀಳುತ್ತದೆ ಅಂತ ಅಲ್ಲಿನ ರೈತರು ಗಲಾಟೆ ಎಬ್ಬಿಸಿದರು. 2002ರ ಡಿಸೆಂಬರಿನಲ್ಲಿ ಅವರ ಆಹಾರ ಮತ್ತು ಔಷಧ ಇಲಾಖೆ ಕ್ರಾಫ್ಟ್ ಎಂಬ ದೈತ್ಯ ಕಂಪನಿಗೇ ಎಚ್ಚರಿಕೆ ಪತ್ರ ಕಳಿಸಿತು. ನಿನ್ನ ಚೀಸ್ ಹಾಳೆಯ ಪೊಟ್ಟಣದ ಮೇಲೆ 'ಪಾಶ್ಚರೈಸ್ಡ್ ಪ್ರೊಸೆಸ್ ಚೀಸ್ ಫುಡ್' ಅಂತಿದೆ, ಒಳಗೆ ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟ್ ಇದೆ, ಆ ಹೆಸರಿನ ಪದಾರ್ಥಕ್ಕೆ ಅದನ್ನು ಹಾಕಲು ನಿಯಮದಲ್ಲಿ ಅವಕಾಶವಿಲ್ಲ ಅಂತ. ಕಂಪನಿ ಕೊನೆಗೆ ಹೆಸರನ್ನೇ ಬದಲಿಸಿ 'ಪ್ರಿಪೇರ್ಡ್ ಚೀಸ್ ಪ್ರಾಡಕ್ಟ್' ಅಂತ ಹಾಕಿಕೊಂಡಿತು. ಯೂರೋಪಿನವರು 1990ರಲ್ಲೇ ಚೀಸ್ ಮಾಡುವಾಗ ಕೇಸೀನ್, ಕೇಸಿನೇಟ್ ಬಳಸಬೇಕಾದರೆ ಮೊದಲೇ ಅನುಮತಿ ಪಡೆಯಬೇಕು ಅಂತ ನಿಯಮ ಮಾಡಿದ್ದರು.

ಅಂದರೆ ಅಲ್ಲಿ ಇಲಾಖೆ ಹೆಸರಿಗಾಗಿ ಜಗಳ ಕಾದದ್ದು ಒಳಗಿರುವ ವಸ್ತುವಿನ ಸಲುವಾಗಿ. ನಮ್ಮ ಇಲಾಖೆಯೂ ಹೆಸರಿಗಾಗಿ ಜಗಳ ಕಾಯಿತು. ಯಾವ ಹೆಸರಿಗೆ?

2023ರ ಮಾರ್ಚ್ ತಿಂಗಳು ಮರೆತಿರಾ? ದಿಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರ ಅಪ್ಪಣೆ ಹೊರಡಿಸಿತು. ನಂದಿನಿ ಮೊಸರಿನ ಪೊಟ್ಟಣದ ಮೇಲೆ 'ದಹಿ' ಅಂತ ಹಾಕಬೇಕಂತೆ, 'ಮೊಸರು' ಅನ್ನುವ ನಮ್ಮ ಮಾತು ಆವರಣ ಚಿಹ್ನೆಯೊಳಗೆ ಕೂರಬೇಕಂತೆ! ನಮ್ಮ ಮನೆಯ ಹಸು, ನಮ್ಮ ಮನೆಯ ಹೆಪ್ಪು, ಹೆಸರು ಮಾತ್ರ ಅವರದು. ಇಲ್ಲಿ ಕನ್ನಡಿಗರು ಸಿಡಿದೆದ್ದರು, ಅಲ್ಲಿ ತಮಿಳರು ತಯಿರಿಗಾಗಿ ಎದ್ದರು. ಮಾರ್ಚ್ 30ರಂದು ಪ್ರಾಧಿಕಾರ ಅಪ್ಪಣೆ ತಿದ್ದಿಕೊಂಡಿತು. ಮೊಸರನ್ನು ದಹಿ ಮಾಡುವುದಕ್ಕೆ ಇವರಿಗಿದ್ದ ಆತುರದಲ್ಲಿ ಕಾಲು ಭಾಗ, ಚೀಸಿನಲ್ಲಿ ಚೀಸ್ ಎಷ್ಟು ಅಂತ ಬರೆಸುವುದಕ್ಕೆ ಇದೆಯೇ?

ಇವರ ಗುಣಮಟ್ಟದ ನಿಯಮ ತೆಗೆದು ನೋಡಿ. ಪ್ರೊಸೆಸ್ಡ್ ಚೀಸ್ ಅಂದರೆ ಒಣ ತೂಕದಲ್ಲಿ ಹಾಲಿನ ಕೊಬ್ಬು ನೂರಕ್ಕೆ 40ಕ್ಕಿಂತ ಕಡಿಮೆ ಇರಬಾರದು, ತೇವಾಂಶ 47 ಮೀರಬಾರದು, ಲ್ಯಾಕ್ಟೋಸ್ 5 ಮೀರಬಾರದು. ಚೀಸಿನ ಜೊತೆ ಬೇರೆ ಹಾಲಿನ ಪದಾರ್ಥ ಸೇರಿಸಬಹುದು. ಹಾಲಿನ ಪುಡಿಯನ್ನು ಮನಸ್ಸಿಗೆ ಬಂದಷ್ಟು ಸುರಿದರೆ ಲ್ಯಾಕ್ಟೋಸ್ ಏರಿ ಸಿಕ್ಕಿಬೀಳುತ್ತಾನೆ, ಸರಿ. ಆದರೆ ಪ್ರೋಟೀನ್ ಕಾನ್ಸಂಟ್ರೇಟ್ ಮಾಡುವಾಗ ಹಾಲನ್ನು ಸೂಕ್ಷ್ಮ ಜರಡಿಯಲ್ಲಿ ಸೋಸಿ ಲ್ಯಾಕ್ಟೋಸನ್ನೇ ಹೊರಗೆ ಹಾಕಿರುತ್ತಾರೆ. ಕೇಸೀನಿನಲ್ಲಂತೂ ಅದು ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬಾಗಿಲಿಗೆ ಬೀಗ, ಕಿಟಕಿ ಹಾರುಗಟ್ಟಲೆ ತೆರೆದದ್ದು! ನಮ್ಮಲ್ಲಿ ಇದನ್ನು ಸೇರಿಸುವುದು ಅಪರಾಧವಲ್ಲವಾದ್ದರಿಂದ ಹುಡುಕುವ ತಲೆನೋವೂ ಯಾರಿಗೂ ಬೇಡ.

ಇನ್ನು ಭಾಷೆಯ ವಿಷಯ. ಇದನ್ನು ಕೇಳಿದರೆ ಮೈ ಉರಿಯುತ್ತದೆ. 2020ರ ಲೇಬಲ್ ನಿಯಮ ಹೇಳುತ್ತದೆ: ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಬೇರೆ ಭಾಷೆಯನ್ನು ಬೇಕಾದರೆ ಜೊತೆಗೆ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಎಂಥ ಔದಾರ್ಯ! ಹಿಂದಿಯೊಂದರಲ್ಲೇ ಬರೆದರೆ ಕಾನೂನುಬದ್ಧ. ಕನ್ನಡವೊಂದರಲ್ಲೇ ಬರೆದರೆ ಕಾನೂನುಬಾಹಿರ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ 22 ಭಾಷೆಗಳು ಸಾಲಾಗಿ ಕೂತಿವೆಯಲ್ಲ, ಊಟದ ಪಂಕ್ತಿಯಲ್ಲಿ ಒಂದಕ್ಕೆ ಬೆಣ್ಣೆ, ಮಿಕ್ಕವಕ್ಕೆ ಸುಣ್ಣ. ಪಾಟ್ನಾದವನು ತನ್ನ ಭಾಷೆಯಲ್ಲಿ ಓದಿ ತಿನ್ನಬಹುದು. ಮಂಡ್ಯದವನು ಕಣ್ಣು ಮುಚ್ಚಿಕೊಂಡು ತಿನ್ನಬೇಕು.

ನಮ್ಮ ರಾಜ್ಯ ಸರ್ಕಾರದ್ದೂ ಒಂದು ಮಾತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಅಂತ ಕಾಯ್ದೆ ಬಂತು. ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರೂ ಬಳಕೆಯ ಸೂಚನೆಯೂ ಬೇರೆ ಭಾಷೆಯ ಜೊತೆ ಕನ್ನಡದಲ್ಲೂ ಇರಬೇಕು ಅನ್ನುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನೇ ಮತ್ತೆ ನೆನಪಿಸಿ ಆದೇಶ ಹೊರಡಿಸಿತು. ಸಂತೋಷ. ಆದರೆ ಹೊರರಾಜ್ಯದ ಕಾರ್ಖಾನೆಯಿಂದ ಬರುವ ಚೀಸ್ ಹಾಳೆಗೆ ಇದು ಮುಟ್ಟುವುದಿಲ್ಲ. ಹೆಸರು ಕನ್ನಡದಲ್ಲಿ ಬಂದು, ಒಳಗೇನಿದೆ ಅನ್ನುವ ಪಟ್ಟಿ ಇಂಗ್ಲಿಷಿನಲ್ಲೇ ಉಳಿದರೆ ಬಾಗಿಲಿಗೆ ಕನ್ನಡದ ತೋರಣ ಕಟ್ಟಿ ಒಳಗೆ ಬಿಡದೆ ಕಳಿಸಿದ ಹಾಗೆ.

ಹಾಲಿನ ವಿದ್ಯೆ ನಮಗೆ ಹೊಸದೇ? ಇಡೀ ದೇಶದ ಹೈನು ವಿಜ್ಞಾನ ಹುಟ್ಟಿದ್ದು ಬೆಂಗಳೂರಿನಲ್ಲಿ. 1923ರಲ್ಲಿ ಇಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ ಶುರುವಾಯಿತು. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿದ್ದಾಗ ಅಲ್ಲಿಗೆ ಹೋಗಿ ಹಸು ಸಾಕುವ ಪಾಠ ಕಲಿತರು. 1955ರಲ್ಲಿ ಅದರ ಪ್ರಧಾನ ಕಚೇರಿ ಗಂಟುಮೂಟೆ ಕಟ್ಟಿ ಕರ್ನಾಲಿಗೆ ಹೋಯಿತು, ಆಡುಗೋಡಿಯಲ್ಲಿ ಶಾಖೆ ಉಳಿಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿದ್ಯೆ ಅಲ್ಲಿಂದ ಹೊರಟು ಗುಜರಾತಿನ ಆಣಂದ್‌ನಲ್ಲಿ ಹೆಸರು ಮಾಡಿತು. ಆಹಾರದ ವರದಿಯ ಮೇಲೆ ತಕರಾರು ಬಂದರೆ ಮೇಲ್ಮನವಿಯ ಮಾದರಿ ಪರೀಕ್ಷೆಗೆ ಹೋಗುವ ಪ್ರಯೋಗಾಲಯಗಳಲ್ಲಿ ಅದೂ ಒಂದು. 2024ರ ಜೂನ್‌ನಲ್ಲಿ ನಮ್ಮ ರೈತರು ಹಾಲು ಮಹಾಮಂಡಳಕ್ಕೆ ದಿನಕ್ಕೆ 1 ಕೋಟಿ ಲೀಟರ್ ಹಾಲು ಸುರಿದರು. ಹಾಲು ನಮ್ಮದು, ವಿದ್ಯೆ ನಮ್ಮೂರಿನದು. ಪೊಟ್ಟಣದ ಮೇಲೆ ಓದಿಕೊಳ್ಳುವ ಹಕ್ಕು ಮಾತ್ರ ನಮ್ಮದಲ್ಲ! ಚೀಸ್ ಮಾರಾಟ ಏರಿದಷ್ಟೂ ಕೋಲಾರದ, ಹಾಸನದ ರೈತನ ಹಾಲಿಗೆ ಗಿರಾಕಿ ಸಿಗಬೇಕು. ಚೀಸಿನ ಜಾಗಕ್ಕೆ ಎಲ್ಲಿಂದಲೋ ಬಂದ ಮೂಟೆ ಸುರಿದರೂ ಹೆಸರು ಚೀಸ್ ಅಂತಲೇ ಉಳಿಯುವುದಾದರೆ ಅವನಿಗೆ ಸಿಗುವುದೇನು?

ಹಾಗಾದರೆ ನಮ್ಮ ಹಕ್ಕೊತ್ತಾಯ ಇಷ್ಟು. ಪ್ರೊಸೆಸ್ಡ್ ಚೀಸ್ ಅಂತ ಮಾರುವ ಪ್ರತಿ ಪೊಟ್ಟಣದ ಮುಂಭಾಗದಲ್ಲಿ ಚೀಸ್ ನೂರಕ್ಕೆ ಎಷ್ಟು, ಸೇರಿಸಿದ ಹಾಲಿನ ಪ್ರೋಟೀನ್ ಎಷ್ಟು ಅಂತ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. 'ಮಿಲ್ಕ್ ಸಾಲಿಡ್ಸ್' ಅನ್ನುವ ಮುಸುಕು ತೆಗೆದು ಒಳಗಿರುವುದರ ಹೆಸರು ಬಿಚ್ಚಿ ಹೇಳಬೇಕು. ಬರೆದದ್ದು ನಿಜವೋ ಅಂತ ನೋಡಲು ಕಪ್ಪಾ-ಕೇಸೀನ್ ಪರೀಕ್ಷೆಯನ್ನು ನಿಯಮಕ್ಕೆ ಸೇರಿಸಬೇಕು. 2020ರ ಲೇಬಲ್ ನಿಯಮದಲ್ಲಿ ಹಿಂದಿಗೆ ಕೊಟ್ಟ ಜಾಗವನ್ನು ಕರ್ನಾಟಕದೊಳಗೆ ಕನ್ನಡಕ್ಕೆ ಕೊಡಬೇಕು.

ಕೊಡುವವರೆಗೆ ಸುಮ್ಮನೆ ಕೂರಬೇಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೆಯ ಕಲಮು ನಿಮಗೊಂದು ಅಸ್ತ್ರ ಕೊಟ್ಟಿದೆ. ಯಾವ ಗಿರಾಕಿಯಾದರೂ ತಾನು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವನಿಗೆ 'ಇದನ್ನು ಪರೀಕ್ಷೆಗೆ ಕಳಿಸುತ್ತೇನೆ' ಅಂತ ಹೇಳಿರಬೇಕು, ಮರೆಯಬೇಡಿ. 14 ದಿನದೊಳಗೆ ವರದಿ ಕೊಡಬೇಕು. ಪದಾರ್ಥ ಕಾಯ್ದೆಗೆ ವಿರುದ್ಧವಾಗಿದ್ದರೆ ಕಟ್ಟಿದ ದುಡ್ಡು ವಾಪಸ್. ನಾಲ್ಕು ಜನ ಗೆಳೆಯರು ಸೇರಿ ಚಂದಾ ಎತ್ತಿ ಒಂದು ಪೊಟ್ಟಣ ಕೊಳ್ಳಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ವರದಿಯನ್ನೂ ಕನ್ನಡದಲ್ಲೇ ಕೇಳಿ. ಕೊಬ್ಬು, ತೇವಾಂಶ, ಲ್ಯಾಕ್ಟೋಸ್ ಅಂತ ಮೂರು ಸಾಲು ಗೀಚಿ ಕೊಟ್ಟರೆ ವಾಪಸ್ ಹೋಗಿ, 'ಇದರ ಪ್ರೋಟೀನ್ ಎಲ್ಲಿಂದ ಬಂತು, ಯಾವ ಪರೀಕ್ಷೆ ಮಾಡಿದಿರಿ' ಅಂತ ಲಿಖಿತವಾಗಿ ಕೇಳಿ. ಉತ್ತರ ಬಂದರೂ ಸರಿ, ಬರದಿದ್ದರೂ ಸರಿ, ನಿಮ್ಮ ಅರ್ಜಿಯ ಒಂದು ಪ್ರತಿಯನ್ನು ನಮಗೆ ಕಳಿಸಿ. ಅಕ್ಷರ ಬಿಡದೆ ಅಚ್ಚು ಹಾಕುತ್ತೇವೆ.